ಒಟ್ಟಾವಾದ ಜೈಲ್ ಹಾಸ್ಟೆಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ರಾಜಧಾನಿ ಒಟ್ಟಾವಾದ ನಡುಮಧ್ಯದಲ್ಲಿ ಒಂದು ಹಳೇ ಕಲ್ಲಿನ ಜೈಲಿದೆ. ಈಗ ಅಲ್ಲಿ ಪ್ರವಾಸಿಗರು ದುಡ್ಡು ಕೊಟ್ಟು ಮಲಗುತ್ತಾರೆ. ದೆವ್ವದ ಮನೆ ಅಂತ ಹೆಸರಾಗಿರುವುದರಿಂದ ಬರುವ ಪ್ರಶ್ನೆಗಳೂ ಹೆಚ್ಚಾಗಿ ದೆವ್ವದ ಸುತ್ತಲೇ ಇರುತ್ತವೆ. ಆ ಗೋಡೆಗಳ ಒಳಗೆ ಬದುಕಿದ, ಸತ್ತ ಮನುಷ್ಯರ ಬಗ್ಗೆಯೂ ಅಷ್ಟೇ ಆಸಕ್ತಿಯಿಂದ ಕೇಳಲಿ ಅನ್ನುವುದು ನನ್ನ ಆಸೆ. ಹಾಗಾಗಿ ಸುಲಭದ ಪ್ರಶ್ನೆಗಳಿಂದ ಶುರುಮಾಡಿ ಅಲ್ಲಿಗೇ ಬರುತ್ತೇನೆ.

## ಹೋಗುವ ಮೊದಲು

ನಿಜವಾದ ಜೈಲೇನಾ? ಅಥವಾ ಜೈಲಿನ ಥರ ಅಲಂಕಾರ ಮಾಡಿರೋ ಹೋಟೆಲಾ?

ನಿಜವಾದ ಜೈಲೇ. 1862ರಲ್ಲಿ ಕಾರ್ಲ್‌ಟನ್ ಕೌಂಟಿ ಜೈಲು ಅಂತ ಶುರುವಾಯಿತು. 1972ರವರೆಗೆ, ಅಂದರೆ 110 ವರ್ಷ, ಇಲ್ಲಿ ಕೈದಿಗಳಿದ್ದರು. ಒಳಗಿನ ಸ್ಥಿತಿ ಮನುಷ್ಯರು ಇರುವಂಥದ್ದಲ್ಲ ಅನ್ನುವ ಕಾರಣಕ್ಕೆ ಅದನ್ನು ಮುಚ್ಚಿದರು. ಮಾರನೇ ವರ್ಷವೇ, 1973ರಲ್ಲಿ, ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್ (ಎಚ್‌ಐ) ಸಂಸ್ಥೆ ಅಲ್ಲಿ ಯುವ ಪ್ರವಾಸಿಗರ ಹಾಸ್ಟೆಲ್ ತೆರೆಯಿತು. ಕೊರೊನಾ ಕಾಲದಲ್ಲಿ ಬಾಗಿಲು ಹಾಕಿ, ಆಮೇಲೆ ಸೇಂಟ್‌ಲೋ ಅನ್ನುವ ಹೆಸರಿನಲ್ಲಿ ಮತ್ತೆ ತೆರೆದರು. ಹಳೇ ಪುಸ್ತಕ, ಹಳೇ ವಿಡಿಯೋಗಳಲ್ಲಿ 'ಎಚ್‌ಐ ಒಟ್ಟಾವಾ ಜೈಲ್' ಅಂತ ಇದ್ದರೆ ಅದೂ ಇದೇ ಕಟ್ಟಡ.

ಎಲ್ಲಿದೆ? ಊರಿಂದ ದೂರಾನಾ?

ದೂರ ಇಲ್ಲವೇ ಇಲ್ಲ. ನಂಬರ್ 75, ನಿಕೊಲಸ್ ಬೀದಿ. ರಿಡೋ ಸೆಂಟರ್ ಮಾಲ್ ಪಕ್ಕದಲ್ಲೇ ಇದೆ. ನಗರ ರೈಲಿನ ರಿಡೋ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಪಾರ್ಲಿಮೆಂಟ್ ಗುಡ್ಡ, ಬೈವಾರ್ಡ್ ಮಾರುಕಟ್ಟೆ, ರಿಡೋ ಕಾಲುವೆ, ಒಟ್ಟಾವಾ ವಿಶ್ವವಿದ್ಯಾಲಯ ಎಲ್ಲವೂ ನಡಿಗೆಯ ದೂರದಲ್ಲಿವೆ. 'ಭೂತ ಬಂಗಲೆ' ಅಂದ ಕೂಡಲೇ ಕಾಡಿನ ಮಧ್ಯದ ಒಂಟಿ ಮನೆ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಇದು ಬಸ್ಸು, ಅಂಗಡಿ, ಕಾಲೇಜು ಹುಡುಗರ ಗದ್ದಲದ ನಡುವೆ ನಿಂತಿದೆ.

ರೂಮು ಹೇಗಿರುತ್ತೆ? ಕಂಬಿ ಬಾಗಿಲು ಹಾಗೇ ಇದೆಯಾ?

ಇದೆ. ಎರಡು ಥರದ ಜಾಗ ಸಿಗುತ್ತದೆ. ಕೆಲವು ಕಡೆ ಗೋಡೆ ಒಡೆದು, ಸೆಲ್‌ಗಳನ್ನು ಸೇರಿಸಿ ಡಾರ್ಮಿಟರಿ ಮಾಡಿದ್ದಾರೆ. ಇನ್ನು ಕೆಲವು ಕಡೆ ಹಳೇ ಸೆಲ್ಲೇ ನಿಮ್ಮ ರೂಮು. ಹೋದವರೆಲ್ಲ ಹೇಳಿಕೊಳ್ಳುವುದು ಈ ಎರಡನೆಯದರ ಬಗ್ಗೆ.

ಆ ಜೈಲಿನಲ್ಲಿ 60 ಚಿಕ್ಕ ಸೆಲ್‌ಗಳಿದ್ದವು. ಒಂದೊಂದರ ಅಗಲ ಸುಮಾರು 1 ಮೀಟರ್, ಉದ್ದ 3 ಮೀಟರ್. ಒಳಗೆ ನಿಂತು ಎರಡೂ ಕೈ ಚಾಚಿ ನೋಡಿ. ಮೊಣಕೈ ಪೂರ್ತಿ ನೆಟ್ಟಗಾಗುವ ಮೊದಲೇ ಅಂಗೈ ಎರಡೂ ಗೋಡೆಗೆ ತಾಗುತ್ತದೆ. ಮಂಚ ಹಾಕಿದ ಮೇಲೆ ಉಳಿಯುವುದು ಅಡ್ಡ ತಿರುಗಿ ನಡೆಯುವಷ್ಟು ಜಾಗ. ಇದಲ್ಲದೆ ಸ್ವಲ್ಪ ದೊಡ್ಡವು 30, ಒಂಟಿ ಸೆರೆಯ ಸೆಲ್ 6 ಇದ್ದವು. ಇಷ್ಟರಲ್ಲಿ ಕೆಲವೊಮ್ಮೆ 150 ಜನರನ್ನು ತುಂಬುತ್ತಿದ್ದರು. ಒಂದು ರಾತ್ರಿ ಮಲಗಲೇ ಇಕ್ಕಟ್ಟು ಅನ್ನಿಸುವ ಜಾಗದಲ್ಲಿ ವರ್ಷಗಟ್ಟಲೆ ಇದ್ದವರನ್ನು ನೆನೆದರೆ ಹೊಟ್ಟೆ ಹಿಂಡುತ್ತದೆ.

ಸ್ನಾನದ ಮನೆ, ಶೌಚಾಲಯ ಸೆಲ್ ಒಳಗೆ ಇರುವುದಿಲ್ಲ, ಹೊರಗೆ ಎಲ್ಲರಿಗೂ ಸೇರಿ ಇರುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು ಡಾರ್ಮಿಟರಿಯನ್ನೇ ತೆಗೆದುಕೊಳ್ಳಿ.

ದುಬಾರಿನಾ?

ಒಟ್ಟಾವಾದ ಆ ಭಾಗದ ಹೋಟೆಲ್‌ಗಳಿಗೆ ಹೋಲಿಸಿದರೆ ಡಾರ್ಮಿಟರಿ ಹಾಸಿಗೆ ಅಗ್ಗ. ದರ ಕೆನಡಾ ಡಾಲರ್‌ನಲ್ಲಿ ಇರುತ್ತದೆ, ಸೀಸನ್ ನೋಡಿಕೊಂಡು ಏರಿಳಿಯುತ್ತದೆ. ಕಾಣಿಸುವ ದರದ ಮೇಲೆ ಒಂಟಾರಿಯೋ ಪ್ರಾಂತ್ಯದ 13% ತೆರಿಗೆ, ಅದರ ಜೊತೆ ನಗರದ ವಸತಿ ತೆರಿಗೆ ಸೇರುತ್ತದೆ ಅನ್ನುವುದು ನೆನಪಿರಲಿ. ಜುಲೈ 1ರ ಕೆನಡಾ ದಿನ, ಮೇ ತಿಂಗಳ ಟ್ಯುಲಿಪ್ ಹಬ್ಬ, ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹೊತ್ತಿಗೆ ಹೋಗುವುದಾದರೆ ಬೇಗ ಬುಕ್ ಮಾಡಿ.

ಯಾವ ಕಾಲದಲ್ಲಿ ಹೋದ್ರೆ ಒಳ್ಳೇದು?

ಆರಾಮ ಬೇಕಾದವರು ಮೇನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಆದರೆ ಈ ಕಟ್ಟಡ ಅರ್ಥವಾಗಬೇಕು ಅಂದರೆ ಫೆಬ್ರವರಿಯೇ ಸರಿ ಅನ್ನುತ್ತೇನೆ. ಒಟ್ಟಾವಾದಲ್ಲಿ ಆಗ ಮೈನಸ್ 20 ಡಿಗ್ರಿ ಅನ್ನುವುದು ಮಾಮೂಲು. ಕಾಲುವೆ ಗಟ್ಟಿಯಾಗಿ, 7.8 ಕಿಲೋಮೀಟರ್ ಉದ್ದಕ್ಕೂ ಜನ ಸ್ಕೇಟಿಂಗ್ ಮಾಡುತ್ತಾರೆ. ಜೈಲಿನ ಕಿಟಕಿಗಳಿಗೆ ಹಿಂದೆ ಗಾಜೇ ಇರಲಿಲ್ಲ, ಕಂಬಿ ಮಾತ್ರ ಇತ್ತು ಅಂತ ಅಲ್ಲಿನ ಟೂರ್‌ಗಳಲ್ಲಿ ಹೇಳುತ್ತಾರೆ. ಬೇಸಿಗೆಯಲ್ಲಿ ಕೇಳಿದರೆ ಅದು ಕಿವಿ ಮೇಲೆ ಬಿದ್ದು ಹೋಗುವ ಮಾತು. ಹೊರಗೆ ಮೂಗು ಮರಗಟ್ಟುವ ಚಳಿ ಇದ್ದಾಗ ಕೇಳಿದರೆ ಎದೆಗೇ ತಾಗುತ್ತದೆ.

## ದೆವ್ವದ ವಿಷಯ

ಅಲ್ಲಿ ದೆವ್ವ ಇದೆಯಾ ಇಲ್ವಾ? ಒಂದೇ ಮಾತಲ್ಲಿ ಹೇಳಿ.

ಇಲ್ಲ ಅಂತ ನಾನು ನಂಬಿದ್ದೇನೆ.

ಹಾಗಾದ್ರೆ ಜನ ಏನೇನು ನೋಡಿದ್ದೀವಿ ಅಂತಾರೆ?

ಹೆಚ್ಚು ಹರಡಿರುವುದು ಪ್ಯಾಟ್ರಿಕ್ ವೀಲನ್ ಕಥೆ. 1869ರಲ್ಲಿ ಗಲ್ಲಿಗೇರಿದವನು. ಕಣ್ಣು ಬಿಟ್ಟು ನೋಡಿದರೆ ಮಂಚದ ಕಾಲ ಬಳಿ ಒಬ್ಬ ಕೂತಿರುತ್ತಾನೆ, ಕೈಯಲ್ಲಿ ಬೈಬಲ್ ಇರುತ್ತದೆ, ಕಣ್ಣುಜ್ಜಿ ನೋಡಿದರೆ ಇರುವುದಿಲ್ಲ ಅನ್ನುತ್ತಾರೆ. ಮೇಲಿನ ಮಹಡಿಯಲ್ಲಿ, ಮರಣದಂಡನೆಯ ಕೈದಿಗಳಿದ್ದ ಸಾಲಿನಲ್ಲಿ, ಯಾರೋ ಓಡಾಡಿದ ಸದ್ದು ಕೇಳಿದವರಿದ್ದಾರೆ. ಹೆಂಗಸು ಮತ್ತು ಮಕ್ಕಳು ಅತ್ತಂತೆ ಕೇಳಿತು ಅನ್ನುವವರೂ ಇದ್ದಾರೆ. ಈ ಕೊನೆಯ ಕಥೆಗೆ ಹಿಂದಿರುವ ಸತ್ಯ ಕಥೆಗಿಂತ ಕಠಿಣವಾದದ್ದು. ಆ ಜೈಲಿನಲ್ಲಿ ಗಂಡಸರ ಜೊತೆ ಹೆಂಗಸರನ್ನೂ ಮಕ್ಕಳನ್ನೂ ಕೂಡಿಹಾಕಿದ್ದರು.

ದೆವ್ವ ಇಲ್ಲ ಅಂದ್ರೆ ಅಷ್ಟು ಜನ ಸುಳ್ಳು ಹೇಳ್ತಾರಾ?

ಖಂಡಿತ ಅಲ್ಲ. ಅವರು ಕಂಡಿದ್ದು, ಕೇಳಿದ್ದು ನಿಜ. ಅದಕ್ಕೆ ಕಾರಣ ಏನು ಅನ್ನುವುದರಲ್ಲಿ ಮಾತ್ರ ನನ್ನ ದಾರಿ ಬೇರೆ.

ಮೊದಲು ಮಂಚದ ಕಾಲ ಬಳಿ ಕೂತವನನ್ನೇ ನೋಡೋಣ. ಕನಸು ಬೀಳುವ ನಿದ್ದೆಯಲ್ಲಿ ಮೆದುಳು ಕೈಕಾಲನ್ನು ಸಡಿಲ ಬಿಟ್ಟಿರುತ್ತದೆ. ಇಲ್ಲದಿದ್ದರೆ ಕನಸಲ್ಲಿ ಓಡಿದಾಗ ನಿಜವಾಗಿಯೂ ಎದ್ದು ಓಡಿಬಿಡುತ್ತೇವೆ. ಕೆಲವೊಮ್ಮೆ ಎಚ್ಚರ ಬರುತ್ತದೆ, ಆದರೆ ಮೈ ಅಲ್ಲಾಡುವುದಿಲ್ಲ, ಕನಸೂ ಪೂರ್ತಿ ಬಿಟ್ಟಿರುವುದಿಲ್ಲ. ಆಗ ರೂಮಿನಲ್ಲಿ ಯಾರೋ ಇದ್ದಾರೆ, ಎದೆ ಮೇಲೆ ಭಾರ ಬಿದ್ದಿದೆ ಅನ್ನಿಸುತ್ತದೆ. ನಿದ್ರಾ ಪಾರ್ಶ್ವವಾಯು ಅಂತ ಇದಕ್ಕೆ ಹೆಸರು. ಪ್ರಯಾಣದ ಸುಸ್ತು, ಹೊತ್ತಲ್ಲದ ಹೊತ್ತಲ್ಲಿ ನಿದ್ದೆ, ಅಂಗಾತ ಮಲಗುವುದು, ಇವೆಲ್ಲ ಅದಕ್ಕೆ ದಾರಿ ಮಾಡಿಕೊಡುತ್ತವೆ. ಬೇರೆ ದೇಶದಿಂದ ಬಂದಿಳಿದು, ಅಪರಿಚಿತ ಮಂಚದಲ್ಲಿ, ದೆವ್ವದ ಕಥೆ ಕೇಳಿ ಮಲಗಿದವರಿಗೆ ಇದು ಆಗದಿದ್ದರೆ ಆಶ್ಚರ್ಯ.

ಇನ್ನು ಸದ್ದು. ಕಲ್ಲಿನ ಗೋಡೆ, ಕಬ್ಬಿಣದ ಬಾಗಿಲು, ಉದ್ದನೆಯ ಕಾರಿಡಾರ್. ಸದ್ದನ್ನು ಹೀರಿಕೊಳ್ಳುವಂಥದ್ದು ಏನೂ ಇಲ್ಲ. ಬಾಗಿಲ ಜಾಗದಲ್ಲಿ ಕಂಬಿ ಇದ್ದರೆ ಕೆಳಗಿನ ಮಹಡಿಯಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಹೋಗಿದ್ದೂ ಪಕ್ಕದಲ್ಲೇ ಆದಂತೆ ಕೇಳುತ್ತದೆ. ಸದ್ದು ಹೀಗೆ ಹರಿಯುವುದರ ಬಗ್ಗೆ ಮುಂದೆ ಇನ್ನೊಂದು ಮಾತು ಬರುತ್ತದೆ, ಅದು ದೆವ್ವದ್ದಲ್ಲ.

ವಿಕ್ ಟ್ಯಾಂಡಿ ಅನ್ನುವ ಇಂಗ್ಲಿಷ್ ಎಂಜಿನಿಯರ್ 1998ರಲ್ಲಿ ಬರೆದ ಲೇಖನವೂ ಇಲ್ಲಿ ನೆನಪಾಗುತ್ತದೆ. ಅವರ ಲ್ಯಾಬ್‌ನಲ್ಲಿ ಎಲ್ಲರಿಗೂ ಏನೋ ಕಸಿವಿಸಿ. ಅವರಿಗೇ ಒಮ್ಮೆ ಕಣ್ಣಂಚಿನಲ್ಲಿ ಬೂದು ಬಣ್ಣದ ಆಕಾರ ಕಂಡಿತು. ಹುಡುಕಿದರೆ ಹೊಸದಾಗಿ ಹಾಕಿದ್ದ ಫ್ಯಾನ್ ಸುಮಾರು 19 ಹರ್ಟ್ಸ್‌ನ, ಕಿವಿಗೆ ಕೇಳದ ಕಂಪನ ಎಬ್ಬಿಸುತ್ತಿತ್ತು. ಫ್ಯಾನ್ ನಿಲ್ಲಿಸಿದ ಮೇಲೆ ಕಾಟ ಹೋಯಿತು. ಇದನ್ನೇ ಎಲ್ಲ ಭೂತದ ಮನೆಗಳಿಗೂ ಅಂಟಿಸುವುದು ಸರಿಯಲ್ಲ. ಆದರೆ ಭಯ ಮೈಯೊಳಗೆ ಹೇಗೆಲ್ಲ ಹುಟ್ಟಬಹುದು ಅನ್ನುವುದಕ್ಕೆ ಒಳ್ಳೆಯ ಉದಾಹರಣೆ.

ರಾತ್ರಿ ನಿಜವಾಗ್ಲೂ ಭಯ ಆದ್ರೆ ಏನ್ ಮಾಡ್ಲಿ?

ಒಬ್ಬರೇ ಇದ್ದರೆ ಡಾರ್ಮಿಟರಿ ಬುಕ್ ಮಾಡಿ. ಪಕ್ಕದ ಮಂಚದವರ ಗೊರಕೆ ಅಲ್ಲಿ ದೊಡ್ಡ ಧೈರ್ಯ. ಕಿವಿಗೆ ಹಾಕಿಕೊಳ್ಳುವ ಇಯರ್‌ಪ್ಲಗ್ ಒಯ್ಯಿರಿ. ಎಚ್ಚರವಾಗಿ ಮೈ ಅಲ್ಲಾಡದೆ ಹೋದರೆ ಗಾಬರಿಯಾಗಬೇಡಿ, ಕಾಲಿನ ಹೆಬ್ಬೆರಳು ಅಲ್ಲಾಡಿಸಲು ನೋಡಿ. ಸ್ವಲ್ಪ ಹೊತ್ತಿಗೆ ಬಿಡುತ್ತದೆ.

ಅಲ್ಲಿ ಮಲಗದೆ ಸುಮ್ನೆ ನೋಡಿಕೊಂಡು ಬರಬಹುದಾ?

ಹಾಂಟೆಡ್ ವಾಕ್ ಅನ್ನುವ ಕಂಪನಿ ಒಟ್ಟಾವಾದಲ್ಲಿ ಭೂತದ ಕಥೆಗಳ ನಡಿಗೆ ನಡೆಸುತ್ತದೆ. ಈ ಜೈಲೂ ಅವರ ಟೂರ್‌ಗಳಲ್ಲಿ ಬಂದಿದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ವಯಸ್ಸಿನ ನಿಯಮ ಮೊದಲೇ ಕೇಳಿಕೊಳ್ಳಿ. ನನ್ನ ಕೇಳಿದರೆ ತೀರಾ ಚಿಕ್ಕ ಮಕ್ಕಳಿಗೆ ಬೇಡ. ದೆವ್ವದ ಭಯಕ್ಕಲ್ಲ, ನೇಣುಗಂಬ ಕಂಡು ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ.

## ಅಲ್ಲಿ ನಡೆದದ್ದು

ಅಲ್ಲಿ ಎಷ್ಟು ಜನರನ್ನ ನೇಣಿಗೆ ಹಾಕಿದ್ರು? ನೂರಾರು ಅಂತ ಕೇಳಿದ್ದೆ.

ದಾಖಲೆಯಲ್ಲಿರುವುದು 3. ಪ್ಯಾಟ್ರಿಕ್ ಜೇಮ್ಸ್ ವೀಲನ್, 1869ರ ಫೆಬ್ರವರಿ 11. ವಿಲಿಯಂ ಸೀಬ್ರೂಕ್, 1933ರ ಫೆಬ್ರವರಿ 14. ಇವನ ಮೇಲಿದ್ದದ್ದು ಪೆಟ್ರೋಲ್ ಬಂಕ್ ನೌಕರನೊಬ್ಬನನ್ನು ಕೊಂದ ಆರೋಪ. ಮೂರನೆಯವನು ಯೂಜೀನ್ ಲಾರ್ಮೆಂಟ್, ಒಟ್ಟಾವಾ ಪೊಲೀಸ್ ಪತ್ತೇದಾರ ಥಾಮಸ್ ಸ್ಟೋನ್‌ಮನ್ ಅವರನ್ನು ಗುಂಡಿಟ್ಟು ಕೊಂದವನು. 1946ರ ಮಾರ್ಚ್ 27ರಂದು ಅವನನ್ನು ಗಲ್ಲಿಗೇರಿಸಿದರು.

ಹಿಂದಿನ ಮೆಟ್ಟಿಲ ಬಳಿ ಗುಟ್ಟಾಗಿ ಇನ್ನೆಷ್ಟೋ ಜನರನ್ನು ನೇಣು ಹಾಕಿದರು ಅನ್ನುವ ಕಥೆಗಳಿವೆ. ಕಥೆಗೆ ಅಂಕಿ ಬೆಳೆಯುತ್ತಲೇ ಹೋಗುತ್ತದೆ. ಮೂರು ಜನ ಅನ್ನುವುದು ಕಡಿಮೆ ಅಂತ ಯಾಕೆ ಅನ್ನಿಸಬೇಕು? ಹೆಸರಿರುವ ಮೂರು ಮನುಷ್ಯರು, ಅವರಿಂದ ಸತ್ತವರು, ಎರಡೂ ಕಡೆ ಅತ್ತ ಮನೆಗಳು. ನನಗೆ ಅಷ್ಟೇ ಭಾರ.

ನೇಣುಗಂಬ ಈಗಲೂ ಇದೆಯಾ?

ಇದೆ. ಕೆನಡಾದಲ್ಲಿ ಕೊನೆಯ ಗಲ್ಲು ಆದದ್ದು 1962ರ ಡಿಸೆಂಬರ್ 11ರಂದು, ಟೊರಾಂಟೋದ ಡಾನ್ ಜೈಲಿನಲ್ಲಿ. ಕೊಲೆಗೆ ಮರಣದಂಡನೆಯನ್ನು 1976ರಲ್ಲಿ ತೆಗೆದುಹಾಕಿದರು. ಆದರೂ ಈ ಜೈಲಿನ ನೇಣುಗಂಬವನ್ನು ಬಿಚ್ಚಿ ಎಸೆಯಲಿಲ್ಲ. ಮೇಲಿನ ಮಹಡಿಯ ಮರಣದಂಡನೆ ಸಾಲನ್ನೂ ಹೆಚ್ಚು ಬದಲಿಸದೆ ಬಿಟ್ಟಿದ್ದಾರೆ. ಬಿಟ್ಟದ್ದೇ ಒಳ್ಳೆಯದು. ಹಾಸಿಗೆ, ಹೊದಿಕೆ, ವೈಫೈ ನೋಡಿಕೊಂಡು ಬಂದವರಿಗೆ ತಾವು ಎಲ್ಲಿದ್ದೇವೆ ಅನ್ನುವುದು ಮರೆಯಬಾರದು.

ವೀಲನ್ ಯಾರು? ಯಾರನ್ನ ಕೊಂದ?

ಐರ್ಲೆಂಡ್‌ನಿಂದ ಬಂದ ದರ್ಜಿ. ಅವನ ಮೇಲಿದ್ದದ್ದು ಥಾಮಸ್ ಡಾರ್ಸಿ ಮೆಗೀಯನ್ನು ಕೊಂದ ಆರೋಪ. ಮೆಗೀ ಕೂಡ ಐರ್ಲೆಂಡಿನವರೇ. ಹುಡುಗಾಟದ ವಯಸ್ಸಿನಲ್ಲಿ ಬ್ರಿಟಿಷರ ವಿರುದ್ಧ 1848ರ ದಂಗೆಯಲ್ಲಿದ್ದವರು. ಕೆನಡಾಕ್ಕೆ ಬಂದ ಮೇಲೆ ಮನಸ್ಸು ಬದಲಾಯಿತು. 1867ರಲ್ಲಿ ಕೆನಡಾ ಒಕ್ಕೂಟ ಕಟ್ಟಿದ ನಾಯಕರಲ್ಲಿ ಒಬ್ಬರಾದರು. ಐರ್ಲೆಂಡ್ ಬಿಡುಗಡೆಗೆ ಶಸ್ತ್ರ ಹಿಡಿದಿದ್ದ ಫೀನಿಯನ್ನರನ್ನು ಬಹಿರಂಗವಾಗಿ ಖಂಡಿಸುತ್ತಿದ್ದರು.

1868ರ ಏಪ್ರಿಲ್ 7ರ ಬೆಳಗಿನ ಜಾವ, ಪಾರ್ಲಿಮೆಂಟಿನಲ್ಲಿ ತಡರಾತ್ರಿಯ ಚರ್ಚೆ ಮುಗಿಸಿ ಸ್ಪಾರ್ಕ್ಸ್ ಬೀದಿಯ ತಮ್ಮ ವಸತಿಮನೆಗೆ ನಡೆದು ಬಂದರು. ಬಾಗಿಲ ಬಳಿ ಹಿಂದಿನಿಂದ ಗುಂಡು ಬಿತ್ತು. ಕೆನಡಾದ ಕೇಂದ್ರ ಮಟ್ಟದ ರಾಜಕಾರಣಿಗಳಲ್ಲಿ ಹೀಗೆ ಹತ್ಯೆಯಾದವರು ಅವರೊಬ್ಬರೇ. ಒಂದು ದಿನದೊಳಗೆ ವೀಲನ್‌ನನ್ನು ಹಿಡಿದರು.

ವೀಲನ್‌ನದು ಕೆನಡಾದ ಕೊನೆಯ ಬಹಿರಂಗ ಗಲ್ಲು ಅಂತಾರಲ್ಲ, ನಿಜಾನಾ?

ಅಲ್ಲ, ಎಷ್ಟೋ ಕಡೆ ಹಾಗೆ ಬರೆದಿದ್ದರೂ ಸಹ. 5,000ಕ್ಕೂ ಹೆಚ್ಚು ಜನ ನೋಡಲು ಸೇರಿದ್ದರು ಅನ್ನುವುದು ನಿಜ. ಆದರೆ ಅದೇ 1869ರ ಡಿಸೆಂಬರ್‌ನಲ್ಲಿ ಗಾಡ್ರಿಚ್ ಊರಿನಲ್ಲಿ ನಿಕೊಲಸ್ ಮೆಲಡಿ ಅನ್ನುವವನನ್ನು ಜನರೆದುರೇ ಗಲ್ಲಿಗೇರಿಸಿದರು. 1870 ಶುರುವಾದ ಮೇಲೆ ಜನರೆದುರು ಗಲ್ಲು ಹಾಕುವುದು ನಿಂತಿತು.

## ಇನ್ನೂ ಆಳಕ್ಕೆ ಹೋಗುವವರಿಗೆ

ವೀಲನ್ ನಿಜವಾಗ್ಲೂ ಕೊಂದಿದ್ನಾ?

ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಖುಷಿ. ಇದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಏಟಿಗೆ ಹೇಳಲಾಗದು.

ಅವನ ವಿರುದ್ಧ ಇದ್ದದ್ದು: ಬಂಧಿಸಿದಾಗ ಜೇಬಿನಲ್ಲಿ ಸ್ಮಿತ್ ಆಂಡ್ ವೆಸನ್ ರಿವಾಲ್ವರ್ ಸಿಕ್ಕಿತು. ಇತ್ತೀಚೆಗೆ ಅದರಿಂದ ಗುಂಡು ಹಾರಿದಂತೆ ಕಂಡಿತು. ಕಣ್ಣಾರೆ ನೋಡಿದೆ ಅಂದವನು ಲಾಕ್ರುವಾ ಅನ್ನುವವನು. ಅವನ ಮಾತು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ.

ಮೂರನೆಯದು ಈ ಕಟ್ಟಡದಲ್ಲೇ ಹುಟ್ಟಿದ ಸಾಕ್ಷ್ಯ. ವೀಲನ್ ಸೆಲ್‌ನಲ್ಲಿದ್ದಾಗ ಪಕ್ಕದ ಕೈದಿಯ ಜೊತೆ ಮಾತಾಡುತ್ತಿದ್ದ. ಆಂಡ್ರ್ಯೂ ಕಲನ್ ಅನ್ನುವ ಪತ್ತೇದಾರ ಇನ್ನೊಬ್ಬನ ಜೊತೆ ಅವನಿಗೆ ಕಾಣದಂತೆ ಹತ್ತಿರ ನಿಂತು ಕದ್ದು ಕೇಳಿದ. ಮೆಗೀಯನ್ನು ನಾಯಿಗೆ ಹೊಡೆದಂತೆ ಹೊಡೆದೆ ಅಂತ ವೀಲನ್ ಹೇಳಿಕೊಂಡ ಅನ್ನುವುದು ಇವರ ಸಾಕ್ಷ್ಯ. ಇವತ್ತು ಅತಿಥಿಗಳಿಗೆ ಯಾರದೋ ಪಿಸುಮಾತು ತಂದು ಕಿವಿಗೆ ಹಾಕುವ ಅದೇ ಕಲ್ಲಿನ ಕಟ್ಟಡ, ಅವತ್ತು ಒಬ್ಬನನ್ನು ಗಲ್ಲಿನ ಕಡೆಗೆ ತಳ್ಳಿದ ಮಾತನ್ನು ಹೊರಗೆ ಸಾಗಿಸಿತ್ತು. ದೆವ್ವದ ಯಾವ ಕಥೆಯೂ ನನ್ನನ್ನು ಇಷ್ಟು ಕಾಡಿಲ್ಲ. ಕೊಚ್ಚಿಕೊಂಡದ್ದೋ, ಒಪ್ಪಿಕೊಂಡದ್ದೋ, ಅರ್ಧ ಕೇಳಿದ್ದೋ?

ಅವನ ಪರವಾಗಿ ಇರುವುದು ಹೆಚ್ಚಾಗಿ ವಿಚಾರಣೆ ನಡೆದ ರೀತಿ. ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಸತ್ತವರ ಸ್ನೇಹಿತ. ಅವರೇ ಬಂದು ನ್ಯಾಯಾಧೀಶರ ಪಕ್ಕದಲ್ಲಿ ಕೂತಿದ್ದರು. ಶಿಕ್ಷೆ ಕೊಟ್ಟ ನ್ಯಾಯಾಧೀಶ ರಿಚರ್ಡ್ಸ್ ಮೇಲ್ಮನವಿ ಕೇಳಿದ ಪೀಠದಲ್ಲೂ ಇದ್ದರು. ಇವತ್ತು ಯಾವ ಕೋರ್ಟೂ ಇದನ್ನು ಒಪ್ಪುವುದಿಲ್ಲ. ವೀಲನ್ ತಾನು ಗುಂಡು ಹಾರಿಸಿಲ್ಲ ಅಂತಲೇ ಕೊನೆಯವರೆಗೂ ಹೇಳಿದ. ಸಾಯುವ ಮೊದಲು, ತಾನು ಆ ಜಾಗದಲ್ಲಿದ್ದದ್ದು ನಿಜ, ಹೊಡೆದವನು ಬೇರೆ ಅಂತ ಹೇಳಿದ. ಹೆಸರು ಬಿಡಲಿಲ್ಲ.

ಆ ರಿವಾಲ್ವರ್ ನೂರು ವರ್ಷದ ಮೇಲೆ ಮತ್ತೆ ಪತ್ತೆಯಾಯಿತು. 1970ರ ದಶಕದಲ್ಲಿ ಪರೀಕ್ಷೆ ಮಾಡಿದಾಗ ಗುಂಡು ಅದರದ್ದಾಗಿರಬಹುದು ಅಂತ ಬಂತು, ಅದರದ್ದೇ ಅಂತ ಬರಲಿಲ್ಲ. 2005ರಲ್ಲಿ ಅದನ್ನು ಮ್ಯೂಸಿಯಂ ಕೊಂಡುಕೊಂಡಿತು, ನದಿಯಾಚೆ ಗಾಟಿನೋದಲ್ಲಿರುವ ಈಗಿನ ಕೆನಡಾ ಇತಿಹಾಸ ಮ್ಯೂಸಿಯಂ.

ನನ್ನ ಅಭಿಪ್ರಾಯ ಹೇಳುವುದಾದರೆ: ವೀಲನ್ ಆ ಸಂಚಿನಲ್ಲಿ ಇದ್ದಿರಬೇಕು. ಗುಂಡು ಹಾರಿಸಿದ್ದು ಅವನೇ ಅಂತ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಲಿಲ್ಲ. ಅಷ್ಟು ಅನುಮಾನ ಇಟ್ಟುಕೊಂಡು ಒಬ್ಬನನ್ನು ಗಲ್ಲಿಗೇರಿಸಬಾರದಿತ್ತು.

ಅವನ ಹೆಣ ಏನಾಯ್ತು? ಅದಕ್ಕೇ ಆತ್ಮ ಅಲೆಯುತ್ತೆ ಅಂತಾರೆ.

ಹೆಂಡತಿಗೆ ಕೊಡಲಿಲ್ಲ. ಶವಯಾತ್ರೆ ನಡೆದರೆ ಗಲಾಟೆಯಾದೀತು ಅಂತ ಹೆದರಿ ಜೈಲಿನ ಅಂಗಳದಲ್ಲೇ ಹೂತುಬಿಟ್ಟರು. ಗುರುತಿನ ಕಲ್ಲೂ ಇಲ್ಲ. 2002ರಲ್ಲಿ ಅವನ ವಂಶದವರು ಬಂದು ಪ್ರಾರ್ಥನೆ ಮಾಡಿಸಿ, ಅಲ್ಲಿನ ಒಂದು ಪೆಟ್ಟಿಗೆ ಮಣ್ಣನ್ನು ಮಾಂಟ್ರಿಯಲ್‌ನಲ್ಲಿ ಅವನ ಹೆಂಡತಿಯ ಸಮಾಧಿಯ ಬಳಿ ಹೂಳಲು ಕಳಿಸಿದರು. ಆತ್ಮ ಅಲೆಯುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಗಂಡನ ಹೆಣವನ್ನೂ ಕೊಡದ ಅನ್ಯಾಯವನ್ನು ಜನ ಮರೆಯಲಿಲ್ಲ, ಅದನ್ನೇ ದೆವ್ವದ ಕಥೆ ಮಾಡಿ ಉಳಿಸಿಕೊಂಡರು ಅನ್ನುವುದನ್ನು ನಂಬುತ್ತೇನೆ.

ಜನ ನರಳಿದ ಜಾಗದಲ್ಲಿ ಮೋಜಿಗೆ ಮಲಗೋದು ತಪ್ಪಲ್ವಾ?

ಮೋಜಿಗೆ ಮಾತ್ರ ಅಂದರೆ ನನಗೂ ಇಷ್ಟವಿಲ್ಲ. ಕೈದಿ ವೇಷ ಹಾಕಿ, ಕುತ್ತಿಗೆಗೆ ಹಗ್ಗ ಸುತ್ತಿಕೊಂಡು ಫೋಟೋ ತೆಗೆಯುವವರನ್ನು ಕಂಡರೆ ಬೇಸರವಾಗುತ್ತದೆ. ಆದರೆ ಇಲ್ಲಿ ಮಲಗುವುದೇ ತಪ್ಪು ಅನ್ನಲಾರೆ. ಹಳೇ ಜೈಲುಗಳ ಗತಿ ಸಾಮಾನ್ಯವಾಗಿ ಎರಡೇ: ಕೆಡವಿ ಪಾರ್ಕಿಂಗ್ ಮಾಡುವುದು, ಇಲ್ಲವೇ ಪಾಳು ಬಿಡುವುದು. ಜನ ಬಂದು ಹೋಗುತ್ತಿದ್ದರೆ ಛಾವಣಿ ರಿಪೇರಿಗೆ ದುಡ್ಡು ಹುಟ್ಟುತ್ತದೆ, ಕಥೆ ಕೇಳುವವರೂ ಹುಟ್ಟುತ್ತಾರೆ. ಪಕ್ಕದಲ್ಲಿದ್ದ ಹಳೇ ಕೋರ್ಟ್ ಕಟ್ಟಡವೂ ಹೀಗೇ ಉಳಿದು ಈಗ ಆರ್ಟ್ಸ್ ಕೋರ್ಟ್ ಅನ್ನುವ ಕಲಾಕೇಂದ್ರವಾಗಿದೆ. ಕೈದಿಗಳನ್ನು ವಿಚಾರಣೆಗೆ ಕರೆದೊಯ್ಯಲು ಜೈಲಿನಿಂದ ಅಲ್ಲಿಗೆ ನೆಲದಡಿಯ ದಾರಿಯಿತ್ತು.

ಹೋದರೆ ಒಂದು ಕೆಲಸ ಮಾಡಿ. ದೆವ್ವ ಹುಡುಕುವ ಮೊದಲು ಸೆಲ್ ಬಾಗಿಲನ್ನು ಒಮ್ಮೆ ನಿಧಾನವಾಗಿ ಎಳೆದು ಮುಚ್ಚಿ. ಕೈಗೆ ಸಿಗುವ ಆ ತಣ್ಣನೆಯ ತೂಕ, ಕಂಬಿ ಚೌಕಟ್ಟಿಗೆ ಕೂತಾಗ ಕಾರಿಡಾರ್ ಉದ್ದಕ್ಕೂ ಹೋಗುವ ಸದ್ದು, ಎರಡನ್ನೂ ಗಮನಿಸಿ. ನೀವು ಒಳಗಿನಿಂದ ತೆಗೆಯಬಹುದು. ಅವರಿಗೆ ಆಗುತ್ತಿರಲಿಲ್ಲ.

ಬೇರೆ ದೇಶದಲ್ಲೂ ಇಂಥ ಜೈಲ್ ಹೋಟೆಲ್ ಇವೆಯಾ?

ಬೇಕಾದಷ್ಟಿವೆ. ಸ್ಟಾಕ್‌ಹೋಮ್‌ನ ಲಾಂಗ್‌ಹೋಲ್ಮೆನ್ ದ್ವೀಪದ ಜೈಲು 1975ರಲ್ಲಿ ಮುಚ್ಚಿ, 1989ರಲ್ಲಿ ಹೋಟೆಲ್ ಆಯಿತು. ಸ್ವೀಡನ್‌ನ ಕೊನೆಯ ಮರಣದಂಡನೆ 1910ರಲ್ಲಿ ಅಲ್ಲೇ ನಡೆದದ್ದು. ಬೋಸ್ಟನ್‌ನ ಚಾರ್ಲ್ಸ್ ಸ್ಟ್ರೀಟ್ ಜೈಲು 2007ರಿಂದ ಲಿಬರ್ಟಿ ಅನ್ನುವ ಐಷಾರಾಮಿ ಹೋಟೆಲ್. ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಯುಗೊಸ್ಲಾವ್ ಸೇನೆಯ ಸೆರೆಮನೆ 2003ರಲ್ಲಿ ಸೆಲಿಟ್ಸಾ ಹಾಸ್ಟೆಲ್ ಆಯಿತು, ಒಂದೊಂದು ಸೆಲ್ಲನ್ನೂ ಬೇರೆ ಬೇರೆ ಕಲಾವಿದರು ರೂಪಿಸಿದ್ದಾರೆ. ಲಾಟ್ವಿಯಾದ ಕಾರೊಸ್ಟಾ ಜೈಲಿನಲ್ಲಿ ಅತಿಥಿಗಳನ್ನು ಕೈದಿಗಳಂತೆ ಗದರಿಸುವ ಆಟವೂ ಇದೆ, ಅದು ನನಗೆ ಹಿಡಿಸದ ವಿಷಯ.

ಆರಾಮ ಬೇಕಾದವರಿಗೆ ಬೋಸ್ಟನ್, ಚೆಂದ ನೋಡುವವರಿಗೆ ಲ್ಯುಬ್ಲಿಯಾನಾ. ಜೈಲು ಜೈಲಿನಂತೆಯೇ ಉಳಿದಿರುವುದನ್ನು ನೋಡಬೇಕು ಅನ್ನುವವರಿಗೆ ನಾನು ಹೇಳುವುದು ಒಟ್ಟಾವಾ.